ಮೂರು ಫೇಸಿಗೆ ಮೂರೇ ತಂತಿ ಎಂದು ವಾದಿಸಿ ಗೆದ್ದದ್ದು

ವಾದದಲ್ಲಿ ನನ್ನನ್ನು ಸೋಲಿಸುವವರು ನಮ್ಮ ಕಡೆ ಕಡಿಮೆ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಮುಂದೆ ಆದ ಅನಾಹುತಕ್ಕೆ ಇದೇ ಕಾರಣವಾದ್ದರಿಂದ ಮೊದಲೇ ತಿಳಿಸುತ್ತಿದ್ದೇನೆ. ಕಾಣಿಯೂರಿನಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಅದು ಹೊಟ್ಟೆಪಾಡು. ಮನಸ್ಸು ಮಾತ್ರ ಸದಾ ತಾಳಮದ್ದಳೆಯಲ್ಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಶಾಲು ಹೊದ್ದು ಕುಳಿತಲ್ಲಿಯೇ ಬರೀ ಮಾತಿನಿಂದ ಎದುರಾಳಿಯನ್ನು ಕಟ್ಟಿಹಾಕಬೇಕು. ಆ ವಿದ್ಯೆ ನನಗೆ ಸ್ವಲ್ಪ ಒಲಿದಿದೆ. ಸರಿಯಾದ ಪಕ್ಷವೇ ಸಿಗಬೇಕೆಂದಿಲ್ಲ; ತಪ್ಪು ಪಕ್ಷ ಕೊಟ್ಟರೂ ಗೆದ್ದು ಬರುತ್ತೇನೆ. ತಪ್ಪು ಪಕ್ಷ ಕೊಟ್ಟರೆ ಇನ್ನೂ ಚೆನ್ನಾಗಿ ಗೆಲ್ಲುತ್ತೇನೆ.

ನನ್ನ ಹೆಂಡತಿ ಸುಮಿತ್ರಾ ಮಾತು ಕಡಿಮೆಯವಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನೊಡನೆ ವಾದಕ್ಕೆ ನಿಂತವಳಲ್ಲ. ಆದರೂ ಮನೆಯಲ್ಲಿ ನಡೆಯುವುದೆಲ್ಲ ಅವಳು ಎಣಿಸಿದ ಹಾಗೆಯೇ. ಇದು ಹೇಗೆ ಸಾಧ್ಯವಾಗುತ್ತದೆ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಸುಮಿತ್ರಾ ಊರಿನ ಮಹಿಳೆಯರ ಸಂಘದಲ್ಲಿದ್ದಾಳೆ. ಆ ಹೆಂಗಸರೆಲ್ಲ ಒಣ ಕೊಬ್ಬರಿಯನ್ನು ಗೋಣಿಯಲ್ಲಿ ತುಂಬಿ ಪುತ್ತೂರಿನ ಎಣ್ಣೆ ಮಿಲ್ಲಿಗೆ ಹೊತ್ತುಕೊಂಡು ಹೋಗಬೇಕಿತ್ತು. ಅಲ್ಲಿ ಸರದಿ ಕಾಯಬೇಕು, ಕೊನೆಯ ಬಸ್ಸಿನ ಚಿಂತೆ ಮಾಡಬೇಕು. ಒಂದು ಸಂಜೆ ಸುಮಿತ್ರಾ ಎಣ್ಣೆಯ ಕ್ಯಾನನ್ನು ಜಗಲಿಯ ಮೇಲೆ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ನಾವೇ ಒಂದು ಮಿಲ್ಲು ಮಾಡುವಾ" ಎಂದಳು.

ನಾನು ಕೂಡಲೇ ಎದುರು ಪಕ್ಷ ಹಿಡಿದೆ. ಯಂತ್ರ ಎಲ್ಲಿಂದ ಬರಬೇಕು, ಅದಕ್ಕೆ ಬೇಕಾದ ಮೂರು ಫೇಸಿನ ಕರೆಂಟನ್ನು ಯಾರು ಕೊಡುತ್ತಾರೆ, ಯಂತ್ರ ಕೆಟ್ಟರೆ ಗತಿಯೇನು ಎಂದು ಒಂದೊಂದೇ ಪ್ರಶ್ನೆಯನ್ನು ಎತ್ತಿ, ಉದಾಹರಣೆ ಕೊಟ್ಟು, ಕೊನೆಗೆ ಇದು ಆಗದ ಕೆಲಸ ಎಂದು ಸಾಧಿಸಿ ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಯ್ತಾ?" ಎಂದಳು.

"ಆಯ್ತು."

"ಹಾಗಾದ್ರೆ ಟೇಪು ಎಲ್ಲುಂಟು ಹೇಳಿ. ಹಿಂದಿನ ಶೆಡ್ಡು ಅಳತೆ ಮಾಡ್ಬೇಕು."

ಆಮೇಲೆ ನಾನು ನೋಡನೋಡುತ್ತಿದ್ದಂತೆ ಕೆಲಸಗಳು ಒಂದರ ಹಿಂದೆ ಒಂದು ಆಗತೊಡಗಿದವು. ಅವಳು ಸಂಘದವರನ್ನು ಒಪ್ಪಿಸಿದಳು. ಕೊಯಮತ್ತೂರಿನಿಂದ ಯಂತ್ರ ತರಿಸಿದಳು. ಶೆಡ್ಡಿಗೆ ಸಿಮೆಂಟು ಹಾಕಿಸಿದಳು. ಮೂರು ಫೇಸಿನ ಸಂಪರ್ಕಕ್ಕಾಗಿ ವಿದ್ಯುತ್ ಕಚೇರಿಗೆ ಎಷ್ಟು ಸಲ ಹೋದಳೋ, ಕೊನೆಕೊನೆಗೆ ಅಲ್ಲಿಯವರು ಅವಳನ್ನು ಕಂಡೊಡನೆ "ಬನ್ನಿ ಅಕ್ಕ" ಎಂದು ಕುರ್ಚಿ ಎಳೆದು ಕೊಡುವಷ್ಟಾಗಿತ್ತು. ನಾನೊಮ್ಮೆ ಜೊತೆಗೆ ಹೋಗಿದ್ದೆ. ನನಗೆ ಯಾರೂ ಕುರ್ಚಿ ಕೊಡಲಿಲ್ಲ.

ವಯರಿಂಗ್ ಕೆಲಸ ಒಪ್ಪಿಕೊಂಡವಳು ಪ್ರೇಮಲತಾ. ಸುಳ್ಯದ ಕಡೆಯವಳು, ಡಿಪ್ಲೊಮಾ ಓದಿದವಳು, ಸ್ವಂತ ಲೈಸೆನ್ಸು ಇರುವ ಗುತ್ತಿಗೆದಾರಳು. ಫೋನಿನಲ್ಲಿ ಮನೆಯವರೊಂದಿಗೆ ತಮ್ಮ ಕಡೆಯ ಅರೆಭಾಷೆಯಲ್ಲಿ, ನಮ್ಮೊಂದಿಗೆ ತುಳುವಿನಲ್ಲಿ, ಕಂಪೆನಿಯವರೊಂದಿಗೆ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಮಾತಾಡಬಲ್ಲಳು. ಗಟ್ಟಿ ಸ್ವರ. ನಗು ಅದಕ್ಕಿಂತ ಗಟ್ಟಿ.

ಎಲ್ಲ ಕೆಲಸಗಳನ್ನೂ ಸುಮಿತ್ರಾ ಮಾಡಿದ ಮೇಲೆ ನನಗಾಗಿ ಉಳಿದದ್ದು ಒಂದೇ ಒಂದು. ಮೀಟರು ಇರುವುದು ರಸ್ತೆ ಬದಿಯ ಗೇಟಿನ ಹತ್ತಿರ. ಶೆಡ್ಡು ಇರುವುದು ಮನೆಯ ಹಿಂದೆ, ಬಾವಿ ದಾಟಿ. ಅಲ್ಲಿಂದ ಇಲ್ಲಿಗೆ ನೆಲದಡಿಯಲ್ಲಿ ಎಳೆಯುವ ಕೇಬಲ್ ತರಬೇಕು. ಯಾವ ಕೇಬಲ್ ಎಂಬುದನ್ನು ಪ್ರೇಮಲತಾ ನನಗೆ ಫೋನಿನಲ್ಲಿ ವಿವರವಾಗಿಯೇ ಹೇಳಿದಳು. ನಾನು "ಹೂಂ, ಹೂಂ, ಗೊತ್ತುಂಟು" ಎನ್ನುತ್ತಲೇ ಇದ್ದೆ. ಆ ಶನಿವಾರ ನನಗೊಂದು ದೊಡ್ಡ ತಾಳಮದ್ದಳೆ ಇತ್ತು. ಕಿವಿ ಫೋನಿನ ಹತ್ತಿರ ಇತ್ತು ಎಂಬುದು ನಿಜ.

"ಎಂತ ಹೇಳಿದ್ಲು?" ಸುಮಿತ್ರಾ ಕೇಳಿದಳು.

"ಕೇಬಲ್ ತರ್ಬೇಕಂತೆ."

"ಅದು ನಂಗೂ ಗೊತ್ತುಂಟು. ಯಾವ್ದು?"

"ಮೂರು ಫೇಸಿಂದು. ಒಂದು ಕೇಬಲ್ ತರ್ಲಿಕ್ಕೆ ಇಷ್ಟು ವಿಚಾರಣೆಯಾ ಮಾರಾಯ್ತಿ? ನಾಳೆ ಮಧ್ಯಾಹ್ನದ ಊಟಕ್ಕೆ ಮೊದ್ಲು ಕೇಬಲ್ ಇಲ್ಲಿರ್ತದೆ."

ಇರುವುದೇನೋ ಇತ್ತು.

ಪುತ್ತೂರಿನಲ್ಲಿ ನಮ್ಮ ಹಳೆಯ ಗುರುತಿನ ಮೋನಾಕನ ಎಲೆಕ್ಟ್ರಿಕಲ್ ಅಂಗಡಿಯಿದೆ. ಅವನು ತಾಳಮದ್ದಳೆಯ ಮರುಳ. ಎಲ್ಲಿ ಕೂಟವಿದ್ದರೂ ಎದುರಿನ ಸಾಲಿನಲ್ಲಿ ಕುಳಿತು, ಒಳ್ಳೆಯ ಮಾತಿಗೆ ತಲೆದೂಗುವವನು. ನನ್ನನ್ನು ಕಂಡು ಎದ್ದು ನಿಂತ.

"ಬನ್ನಿ ರೈಗಳೇ. ಎಂತ ಬೇಕಿತ್ತು?"

"ಮೂರು ಫೇಸಿನ ಕೇಬಲ್."

"ಬೋರ್‌ವೆಲ್ಲಿಗಾ?"

ಅಲ್ಲ ಎನ್ನಬಹುದಿತ್ತು. ಆದರೆ ಅಲ್ಲ ಎಂದರೆ ಮತ್ತೆ ಯಾವುದಕ್ಕೆ ಎಂದು ಕೇಳುತ್ತಾನೆ, ಆಮೇಲೆ ಇನ್ನೇನೋ ಕೇಳುತ್ತಾನೆ, ಆಗ ನನಗೆ ಗೊತ್ತಿಲ್ಲದ್ದು ಹೊರಬೀಳುತ್ತದೆ. ಅದಕ್ಕೆ, "ಮೋಟ್ರು ಯಾವ್ದಾದ್ರೆ ಎಂತ ಮೋನಾಕ, ಮೋಟ್ರು ಮೋಟ್ರೇ ಅಲ್ವಾ" ಎಂದು ತತ್ತ್ವ ಹೇಳಿದೆ.

"ಅದು ಹೌದು. ಕೋರ್ ಎಷ್ಟು ಬೇಕು? ಒಳಗೆ ತಂತಿ ಮೂರಾ, ನಾಲ್ಕಾ?"

"ಫೇಸು ಎಷ್ಟು?"

"ಮೂರು."

"ಹಾಗಾದ್ರೆ ಕೋರು ಎಷ್ಟು?"

"ಅಲ್ಲ ರೈಗಳೇ, ನ್ಯೂಟ್ರಲಿಗೆ ಒಂದು ಬೇಡ್ವಾ?"

ಇಲ್ಲಿ ನನಗೆ ಹುರುಪು ಬಂತು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಮೂರು ಎಂಬ ಸಂಖ್ಯೆಯನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿರುವ ವ್ಯವಸ್ಥೆಗೆ ನಾಲ್ಕನೆಯದನ್ನು ಸೇರಿಸಲು ಹೊರಡುವುದು ಆ ಹೆಸರಿಗೇ ಮಾಡುವ ಅವಮಾನವಲ್ಲವೇ ಎಂದು ಪ್ರಾರಂಭಿಸಿದೆ. ನ್ಯೂಟ್ರಲ್ ಎಂದರೆ ತಟಸ್ಥ. ಯಾರ ಪಕ್ಷಕ್ಕೂ ಸೇರದವನು. ಕೆಲಸದ ಮನೆಯಲ್ಲಿ ತಟಸ್ಥನಿಗೆ ಏನು ಕೆಲಸ ಎಂದು ಮುಂದುವರಿಸಿದೆ. ಮೋನಾಕ ಮೊದಲು ಏನೋ ಹೇಳಲು ಬಾಯಿ ತೆರೆದವನು ಬರಬರುತ್ತಾ ಗಲ್ಲಕ್ಕೆ ಕೈಯಾನಿಸಿ ತಲೆದೂಗಲಾರಂಭಿಸಿದ. ಸ್ವಿಚ್ಚು ಕೊಳ್ಳಲು ಬಂದವನೊಬ್ಬ ಸ್ವಿಚ್ಚನ್ನು ಕೆಳಗಿಟ್ಟು ಕೇಳುತ್ತಿದ್ದ.

"ನಿಮ್ಮ ಹತ್ರ ವಾದ ಮಾಡಿ ಗೆಲ್ಲುದುಂಟಾ" ಎಂದು ನಗುತ್ತಾ ಮೋನಾಕ ಮೂರು ಕೋರಿನ ಚಪ್ಪಟೆ ಕೇಬಲನ್ನು ಅಳೆದು ಕತ್ತರಿಸಿದ. ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಊಟಕ್ಕೆ ಮೊದಲೇ ಮನೆ ತಲುಪಿದೆ.

ಮರುದಿನ ಪ್ರೇಮಲತಾ ಬಂದಳು. ಸುರುಳಿಯನ್ನು ನೋಡಿದಳು. ಬಗ್ಗಿ ಮತ್ತೊಮ್ಮೆ ನೋಡಿದಳು.

"ಅಣ್ಣ, ಮಿಲ್ಲನ್ನು ಬಾವಿ ಒಳಗೆ ಇಡುದಾ?"

"ಯಾಕೆ?"

"ಇದು ನೀರಿನ ಪಂಪಿಗೆ ಹಾಕಿ ಬೋರ್‌ವೆಲ್ಲಿಗೆ ಇಳಿಸುವ ಕೇಬಲ್. ನಾನು ಹೇಳಿದ್ದು ಎಂತ? ನೆಲದಡಿಗೆ ಹಾಕುದು, ಮೇಲೆ ಉಕ್ಕಿನ ಕವಚ ಇರ್ಬೇಕು, ಆರ್ಮರ್ಡ್ ಆಗ್ಬೇಕು ಅಂತ. ಹೆಗ್ಗಣ ಕಚ್ಚಿದ್ರೂ, ನಾಳೆ ಯಾರಾದ್ರೂ ಹಾರೆ ಹಾಕಿದ್ರೂ ಎಂತ ಆಗ್ಬಾರ್ದು. ಮತ್ತೆ ನಾಲ್ಕು ಕೋರ್."

ನಾನು ತಟಸ್ಥನ ವಾದವನ್ನು ಅವಳ ಮುಂದೆಯೂ ಇಟ್ಟೆ. ಅವಳು ತಲೆದೂಗಲಿಲ್ಲ.

"ಮೋಟ್ರಿಗೆ ಮೂರು ಸಾಕು, ಸರಿ. ಶೆಡ್ಡಲ್ಲಿ ಬಲ್ಬು ಬೇಡ್ವಾ? ಫ್ಯಾನು? ಎಣ್ಣೆ ತುಂಬಿಸುವಲ್ಲಿ ತೂಕದ ಮಿಷನು? ಅದೆಲ್ಲ ಮನೆ ಕರೆಂಟಿನ ಹಾಗೆ, ಒಂದು ಫೇಸು, ಒಂದು ನ್ಯೂಟ್ರಲ್. ನಿಮ್ಮ ತಟಸ್ಥ ಇಲ್ಲದಿದ್ರೆ ಅಕ್ಕ ಟಾರ್ಚ್ ಹಿಡ್ಕೊಂಡು ಎಣ್ಣೆ ತೆಗೀಬೇಕು."

ನಾನು ಸುಮಿತ್ರಾಳ ಕಡೆ ನೋಡಿದೆ. ಮಿಲ್ಲಿನ ಪೂಜೆಗೆ ದಿನ ಗೊತ್ತಾಗಿತ್ತು, ಸಂಘದವರು ಆಗಲೇ ಕೊಬ್ಬರಿ ಒಣಗಿಸತೊಡಗಿದ್ದರು. ಅವಳು ಬೈಯಬಹುದಿತ್ತು. ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು, ಉತ್ತರ ಸಿದ್ಧವಿತ್ತು. ಅವಳು ಕೇಬಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಪಕ್ಕದ ಮನೆಯ ಸಂಕಪ್ಪಣ್ಣನಿಗೆ ಫೋನ್ ಮಾಡಿದಳು. ಅವರು ಹೊಸದಾಗಿ ಬೋರ್‌ವೆಲ್ ಕೊರೆಸಿದ್ದು ಅವಳಿಗೆ ನೆನಪಿತ್ತು. ನನಗೂ ಗೊತ್ತಿತ್ತು, ಆದರೆ ಬೇಕಾದಾಗ ಬೇಕಾದದ್ದು ನೆನಪಾಗುವುದು ಬೇರೆಯೇ ವಿದ್ಯೆ. ಸಂಜೆಯೊಳಗೆ ಸಂಕಪ್ಪಣ್ಣ ಬಂದು, "ಒಳ್ಳೇ ಕೇಬಲ್ ತಂದಿದ್ದೀರಿ ವಿಶ್ವಣ್ಣ" ಎಂದು ಮೆಚ್ಚಿ, ಹೊತ್ತುಕೊಂಡು ಹೋದರು. ಆ ಮೆಚ್ಚುಗೆಯನ್ನು ನಾನು ಸ್ವೀಕರಿಸಿದೆ. ಬೇರೆ ಯಾರೂ ಏನೂ ಕೊಟ್ಟಿರಲಿಲ್ಲ.

ಈಗ ಎರಡನೆಯ ಸವಾರಿ. ಮೂರು ಕಡಿಮೆಯಾಯಿತು ಎಂದು ತಾನೇ ಮಾತು ಕೇಳಿದ್ದು? ಈ ಸಲ ಕೊರತೆಯೇ ಆಗದಂತೆ ತರಬೇಕೆಂದು ನಿಶ್ಚಯಿಸಿದೆ. ಮೋನಾಕನ ಅಂಗಡಿಗೆ ಹೋಗಲು ನಾಚಿಕೆಯಾಯಿತು. ಗೆದ್ದ ಕಣದಲ್ಲಿ ಹೋಗಿ ಸೋತೆ ಎನ್ನುವುದು ಹೇಗೆ? ಅದಕ್ಕೆ ಕಡಬಕ್ಕೆ ಹೋದೆ. ತಾಲೂಕು ಆದ ಮೇಲೆ ಅಲ್ಲಿ ಹೊಸ ಹೊಸ ಅಂಗಡಿಗಳಾಗಿವೆ. ಗುರುತಿಲ್ಲದ ಒಂದು ಅಂಗಡಿಗೆ ನುಗ್ಗಿದೆ.

"ಆರ್ಮರ್ಡ್ ಕೇಬಲ್ ಉಂಟಾ?"

"ಉಂಟು. ಎಷ್ಟು ಕೋರಿಂದು?"

"ನಿಮ್ಮಲ್ಲಿ ಹೆಚ್ಚೆಂದ್ರೆ ಎಷ್ಟು ಕೋರಿಂದುಂಟು?"

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ದೊಡ್ಡ ಕಾರ್ಖಾನೆಯವರಿರಬೇಕು ಎಂದುಕೊಂಡನೋ ಏನೋ. "ಹನ್ನೆರಡು ಕೋರಿಂದು ಒಂದುಂಟು. ಅಣೆಕಟ್ಟಿನ ಕೆಲಸದವರು ಹೇಳಿ ತರಿಸಿ ಮತ್ತೆ ಬರ್ಲಿಲ್ಲ" ಎಂದ.

ಹನ್ನೆರಡು. ನಾಲ್ಕು ಬೇಕಾದಲ್ಲಿ ಹನ್ನೆರಡು. ಮುಟ್ಟಿ ನೋಡಿದೆ. ಹೆಬ್ಬೆರಳಿಗಿಂತ ದಪ್ಪ. ಮೇಲೆ ಕವಚವೂ ಇದೆ. ಇದನ್ನು ಕಚ್ಚಲು ಹೊರಟ ಹೆಗ್ಗಣಕ್ಕೆ ಹಲ್ಲಿನ ವೈದ್ಯರೇ ಗತಿ. ಅಂಗಡಿಯವನು "ಎಂತಕ್ಕೆ ಹಾಕುದು?" ಎಂದು ಕೇಳಿಯೇ ಕೇಳಿದ. "ಭವಿಷ್ಯಕ್ಕೆ" ಎಂದೆ. ಅವನು ಮುಂದೆ ಕೇಳಲಿಲ್ಲ.

ಸ್ಕೂಟರಿನಲ್ಲಿ ಆಗದ ಕಾರಣ ಕೇಬಲನ್ನು ಸರ್ವಿಸ್ ಜೀಪಿನ ತಲೆಯ ಮೇಲೆ ಹೇರಿಸಿ, ನಾನು ಒಳಗೆ ಕುಳಿತೆ. ಜೀಪಿನಲ್ಲಿದ್ದವರು ಅದೇನು ಎಂದು ವಿಚಾರಿಸಿದರು. ಅವರಿಗೆ ನಾನು ಮೂರು ಫೇಸಿನ ವಿಷಯವನ್ನು ಮೊದಲಿನಿಂದ ವಿವರಿಸಿದೆ. ನ್ಯೂಟ್ರಲಿನ ಮಹತ್ವವನ್ನು ವಿಶೇಷವಾಗಿ ಒತ್ತಿ ಹೇಳಿದೆ. ಕೋಡಿಂಬಾಳದಲ್ಲಿ ಇಳಿಯಬೇಕಾಗಿದ್ದ ಒಬ್ಬರು ಕೇಳುತ್ತಾ ಕುಳಿತು ಮುಂದಿನ ಸ್ಟಾಪಿನಲ್ಲಿ ಇಳಿದರು.

ಪ್ರೇಮಲತಾ ಮರುದಿನ ಕೇಬಲಿನ ತುದಿಯ ಸಿಪ್ಪೆ ಬಿಡಿಸಿದಳು. ಕವಚ ಬಿಡಿಸಿದಳು. ಒಳಗಿನಿಂದ ಅಚ್ಚಿನಲ್ಲಿ ಒತ್ತಿದ ಸೇಮಿಗೆಯ ಹಾಗೆ ಸಪೂರ ತಂತಿಗಳು ಒಂದರ ಹಿಂದೆ ಒಂದು ಹೊರಬಂದವು, ಎಲ್ಲದರ ಮೇಲೂ ನಂಬರು. ಅವಳು ಯಂತ್ರ ಬಂದ ಮರದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು. ನಗು ನಿಲ್ಲಲು ಹೊತ್ತು ಹಿಡಿಯಿತು.

"ಅಣ್ಣ, ಇದು ಕಂಟ್ರೋಲ್ ಕೇಬಲ್."

"ಕಂಟ್ರೋಲ್ ಇದ್ರೆ ಒಳ್ಳೇದಲ್ವಾ?"

"ಇದು ಬರೀ ಆಜ್ಞೆ ಕೊಡ್ಲಿಕ್ಕೆ ಇರುದು. ಶುರು ಮಾಡು, ನಿಲ್ಲಿಸು, ಬಾಗಿಲು ತೆಗಿ, ಹಾಗೆ. ಕೆಲಸದ ಭಾರ ಹೊರ್ಲಿಕ್ಕೆ ಇದ್ರಿಂದ ಆಗುದಿಲ್ಲ. ಭಾರ ಹಾಕಿದ್ರೆ ಬಿಸಿ ಆಗಿ ಸುಡ್ತದೆ."

ಸುಮಿತ್ರಾ ಕೊಬ್ಬರಿ ಕವುಚಿ ಹಾಕುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಬರೀ ಆಜ್ಞೆ ಕೊಡುದು, ಭಾರ ಹೊರದ್ದು, ನಮ್ಮ ಮನೆಯಲ್ಲಿ ಮೊದ್ಲೇ ಒಂದಿತ್ತು. ಇನ್ನೊಂದು ತರುದು ಬೇಡಿತ್ತು."

ಪ್ರೇಮಲತಾಳ ನಗು ಮತ್ತೆ ಶುರುವಾಯಿತು.

ನಾನು ಅಷ್ಟಕ್ಕೇ ಬಿಡುವವನಲ್ಲ. ಸ್ವಲ್ಪ ಯೋಚಿಸಿ ಒಂದು ವಾದ ಹೂಡಿದೆ. "ಹನ್ನೆರಡು ಸಪೂರ ತಂತಿ ಉಂಟು. ಮೂರು ಮೂರನ್ನು ಸೇರಿಸಿ ಹುರಿ ಮಾಡಿದ್ರೆ ದಪ್ಪದ್ದು ನಾಲ್ಕು ಆಗ್ತದಲ್ಲ. ನಿಂಗೆ ಬೇಕಾದ್ದೂ ನಾಲ್ಕೇ ಅಲ್ವಾ?"

ಅವಳು ನಗು ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಗೌರವದ ಒಂದು ಎಳೆ ಇತ್ತೆಂದು ನಾನು ಇಂದಿಗೂ ನಂಬಿದ್ದೇನೆ.

"ಗುಣಾಕಾರ ಸರಿ ಉಂಟು ಅಣ್ಣ. ಆದ್ರೆ ಮೂರು ಸೇರಿಸಿದ್ರೂ ನಂಗೆ ಬೇಕಾದ ದಪ್ಪದ ಕಾಲುವಾಸಿ ಕೂಡ ಆಗುದಿಲ್ಲ. ಮತ್ತೆ ಮೂರರಲ್ಲಿ ಒಂದು ಸಡಿಲ ಆಯ್ತು ಅಂತ ಇಟ್ಕೊಳ್ಳಿ. ಅದರ ಪಾಲು ಉಳಿದ ಎರಡರ ತಲೆ ಮೇಲೆ ಬೀಳ್ತದೆ. ಅವು ಬಿಸಿ ಆಗ್ತವೆ. ಮೇಲಿಂದ ನೋಡಿದ್ರೆ ಗೊತ್ತೇ ಆಗುದಿಲ್ಲ. ಒಳಗೆ ಕೊಬ್ಬರಿ, ಎಣ್ಣೆ, ಹೆಂಗಸರು. ಕರೆಂಟಿನವರ ಕಾಗದಕ್ಕೆ ನಾನು ಸೈನ್ ಹಾಕುದಿಲ್ಲ."

ಕೊನೆಯ ಮಾತು ಹೇಳುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಅಷ್ಟು ದಿನ ನನಗೆ ಕೇಬಲ್ ಎಂದರೆ ಒಂದು ಸಾಮಾನು. ಅದರ ಆ ತುದಿಯಲ್ಲಿ ಸುಮಿತ್ರಾ ನಿಂತಿರುತ್ತಾಳೆ ಎಂಬುದು ಆಗಲೇ ನನಗೆ ಹೊಳೆದದ್ದು.

ಸುಮಿತ್ರಾ ಕೈ ಒರೆಸಿಕೊಂಡು ಬಂದು ಪೆಟ್ಟಿಗೆಯ ಮೇಲೆ ಪ್ರೇಮಲತಾಳ ಪಕ್ಕದಲ್ಲಿ ಕುಳಿತಳು. "ನಂಗೆ ಒಮ್ಮೆ ಸರಿಯಾಗಿ ಹೇಳು. ಯಾವ್ದು ಬೇಕು, ಯಾಕೆ ಬೇಕು" ಎಂದಳು. ಪ್ರೇಮಲತಾ ಹೇಳಿದಳು: ಮೋಟರು ಹತ್ತು ಎಚ್‌ಪಿ. ಗೇಟಿನಿಂದ ಶೆಡ್ಡಿಗೆ ದೂರ. ದೂರ ಹೋದ ಹಾಗೆ ದಾರಿಯಲ್ಲೇ ವೋಲ್ಟೇಜು ಸೋರಿಹೋಗುತ್ತದೆ, ಅದರಲ್ಲೂ ನಮ್ಮ ಊರಿನಲ್ಲಿ ಸಂಜೆ ಹೊತ್ತು ಬರುವುದೇ ಕಡಿಮೆ. ತಂತಿ ದಪ್ಪವಿದ್ದರೆ ಸೋರುವುದು ಕಡಿಮೆ. ಅದಕ್ಕೆ ಹದಿನಾರು ಸ್ಕ್ವೇರ್ ಎಂಎಂ, ಅಲ್ಯೂಮಿನಿಯಂ, ನಾಲ್ಕು ಕೋರು, ಮೇಲೆ ಕವಚ.

"ಮುಂದೆ ಮೆಣಸಿನ ಹುಡಿ ಮಾಡುವ ಮಿಷನೂ ಇಡುವಾ ಅಂತ ಉಂಟು. ಅದಕ್ಕೂ ಸಾಕಾಗ್ತದಾ?" ಎಂದು ಸುಮಿತ್ರಾ ಕೇಳಿದಳು.

ಪ್ರೇಮಲತಾ ಮೊಬೈಲಿನಲ್ಲಿ ಲೆಕ್ಕ ಹಾಕಿ, "ಸಾಕು ಅಕ್ಕ. ಇದು ಮೊದ್ಲೇ ಕೇಳಿದ್ದು ಒಳ್ಳೇದಾಯ್ತು" ಎಂದಳು. ಮೆಣಸಿನ ಯಂತ್ರದ ವಿಷಯ ನನಗೇ ಗೊತ್ತಿರಲಿಲ್ಲ. ಭವಿಷ್ಯಕ್ಕೆ ಎಂದು ಅಂಗಡಿಯಲ್ಲಿ ಹೇಳಿ ಬಂದವನು ನಾನು. ಭವಿಷ್ಯ ಇದ್ದದ್ದು ಅವಳ ತಲೆಯಲ್ಲಿ.

ಸುಮಿತ್ರಾ ಆಗಲೇ ಮೋನಾಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಟ್ಟಳು. ಆಮೇಲೆ ನನಗೆ, "ನೀವು ಉದ್ದ ಎಷ್ಟು ಬೇಕು ಅಂತ ಅಳ್ದು, ಹೋಗಿ ತನ್ನಿ. ಅಷ್ಟೇ" ಎಂದಳು. ಮೂರನೆಯ ಅವಕಾಶ. ಬೇರೆಯವರಾಗಿದ್ದರೆ ಕೊಡುತ್ತಿರಲಿಲ್ಲ.

ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನು ಬಿಚ್ಚಿ, ಗೇಟಿನ ಕಂಬಕ್ಕೆ ಒಂದು ತುದಿ ಕಟ್ಟಿ, ಶೆಡ್ಡಿನ ಒಳಗೆ, ಮೋಟರು ಶುರುಮಾಡುವ ಸ್ಟಾರ್ಟರಿನ ಪೆಟ್ಟಿಗೆ ಇಟ್ಟ ಗೋಡೆಯವರೆಗೆ ಎಳೆದೆ. ಎಳೆದು ಬಿಗಿ ಮಾಡಿದೆ. ವೀಣೆಯ ತಂತಿಯಂತೆ ಬಿಗಿಯಾದ ಮೇಲೆ ಗಂಟು ಹಾಕಿ, ಟೇಪಿನಲ್ಲಿ ಅಳೆದೆ. ಪುತ್ತೂರಿನಲ್ಲಿ ಮೋನಾಕ, "ರೈಗಳೇ, ತಿರುವು ಇರ್ತದೆ, ಎರಡೂ ಕಡೆ ಮೇಲೆ ಹತ್ಬೇಕು. ಸ್ವಲ್ಪ ಹೆಚ್ಚು ತಕೊಳ್ಳಿ" ಎಂದ. ನಾನು ಮಿತವ್ಯಯದ ಬಗ್ಗೆ, ಅಳತೆಯ ಪಾವಿತ್ರ್ಯದ ಬಗ್ಗೆ ಕೆಲವು ಮಾತು ಹೇಳಿದೆ. ಅವನು ತಲೆದೂಗಿದ. ನಾನು ಅಲ್ಲಿಯೂ ಗೆದ್ದೆ.

ಪೂಜೆಯ ಹಿಂದಿನ ದಿನ, ಕೇಬಲಿಗೆಂದೇ ಅಗೆದಿದ್ದ ಚರಂಡಿಯಲ್ಲಿ ಕೇಬಲ್ ಇಳಿಸಿದರು. ಗೇಟಿನಿಂದ ಹೊರಟಿತು, ಮನೆಯ ಮಗ್ಗುಲಿನಲ್ಲಿ ಬಂತು, ಬಾವಿಯ ಹತ್ತಿರ ಬಂತು. ಅಲ್ಲಿ ಚರಂಡಿ ಬಾವಿಯನ್ನು ಸುತ್ತಿ ಬಳಸಿಕೊಂಡು ಹೋಗಿತ್ತು. ನನ್ನ ಹಗ್ಗ ಬಾವಿಯ ಮೇಲಿನಿಂದ ನೇರ ಹಾದುಹೋಗಿತ್ತು. ಹಗ್ಗಕ್ಕೆ ಗಾಳಿಯಲ್ಲಿ ತೇಲುವ ಅನುಕೂಲವಿತ್ತು. ನೆಲದಡಿ ಹೋಗುವ ಕೇಬಲಿಗೆ ಅದಿರಲಿಲ್ಲ. ಕೊನೆಗೆ ಕೇಬಲು ಶೆಡ್ಡಿನ ಈಚೆ ಕಡೆಯ ಗೋಡೆಯನ್ನು ಮುಟ್ಟಿ, ಒಳಗೆ ಒಂದಿಷ್ಟು ಇಣುಕಿ, ಅಲ್ಲಿಗೇ ಮುಗಿಯಿತು. ಸ್ಟಾರ್ಟರಿನ ಪೆಟ್ಟಿಗೆ ಇದ್ದದ್ದು ಆಚೆ ಕಡೆಯ ಗೋಡೆಯಲ್ಲಿ.

ಪ್ರೇಮಲತಾ ಈ ಸಲ ನಗಲಿಲ್ಲ. "ಜೋಡಿಸ್ಬಹುದು. ಆದ್ರೆ ಹೊಸ ಕೇಬಲಿಗೆ ಮೊದಲ ದಿನವೇ ಜಾಯಿಂಟ್ ಹಾಕುದು ನಂಗೆ ಮನಸ್ಸಿಲ್ಲ" ಎಂದಳು. ಕೊಬ್ಬರಿಯ ಗೋಣಿಗಳು ಆಗಲೇ ಜಗಲಿಯಲ್ಲಿ ಸಾಲಾಗಿ ಬಂದು ಕುಳಿತಿದ್ದವು. ಪ್ರತಿ ಗೋಣಿಯ ಮೇಲೂ ಒಬ್ಬೊಬ್ಬಳ ಹೆಸರು. ನಾನು ಕೇಬಲಿನ ತುದಿ ಹಿಡಿದು ಒಮ್ಮೆ ಎಳೆದು ನೋಡಿದೆ, ಬರಲಿಲ್ಲ.

ಸುಮಿತ್ರಾ ಶೆಡ್ಡಿನ ನಡುವೆ ನಿಂತು ಆ ಗೋಡೆ, ಈ ಗೋಡೆ ನೋಡಿದಳು.

"ಕೇಬಲ್ ಆಚೆಗೆ ಬರುದಿಲ್ಲದಿದ್ರೆ ಪೆಟ್ಟಿಗೆ ಈಚೆಗೆ ಬರ್ಬಹುದಲ್ಲ?"

ಪ್ರೇಮಲತಾ ಹೆಜ್ಜೆ ಹಾಕಿ ದೂರ ಅಳೆದು, "ಬರ್ಬಹುದು. ಇಲ್ಲಿಂದ ಮೋಟ್ರಿಗೆ ಬೇರೆ ವಯರು ನನ್ನ ಹತ್ರ ಉಂಟು. ಆದ್ರೆ ಅಕ್ಕ, ನೀವು ಮಿಷನಿನ ಹತ್ರ ನಿಂತಿರುದು. ಎಂತಾದ್ರೂ ಆದ್ರೆ ನಿಲ್ಲಿಸ್ಲಿಕ್ಕೆ ಇಷ್ಟು ದೂರ ಓಡ್ಬೇಕು. ಮಿಷನಿನ ಬುಡದಲ್ಲೇ ಒಂದು ಸ್ಟಾಪ್ ಬಟನ್ ಬೇಕಾಗ್ತದೆ. ಅದಕ್ಕೆ ಕಂಟ್ರೋಲ್ ಕೇಬಲ್..." ಎಂದವಳು ಅಷ್ಟಕ್ಕೇ ನಿಲ್ಲಿಸಿದಳು.

ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

"ಒಂದುಂಟು," ಎಂದೆ, ಆದಷ್ಟು ಸಣ್ಣ ಸ್ವರದಲ್ಲಿ.

ಹನ್ನೆರಡು ಕೋರಿನಲ್ಲಿ ಬೇಕಾದದ್ದು ಎರಡೋ ಮೂರೋ. ಉಳಿದವು ಈಗಲೂ ಒಳಗೆ ಸುಮ್ಮನೆ ಮಲಗಿವೆ. ಬೇಡವಾದ ಉದ್ದವನ್ನೆಲ್ಲ ಪ್ರೇಮಲತಾ ತನ್ನ ಬೇರೆ ಕೆಲಸಕ್ಕೆಂದು ತೆಗೆದುಕೊಂಡಳು. ಸಂಜೆಯೊಳಗೆ ಸಂಘದ ಹೆಂಗಸರು ನಾಲ್ಕು ಜನ ಬಂದು ಪೆಟ್ಟಿಗೆ ಹಿಡಿದು ನಿಂತು, ಪ್ರೇಮಲತಾ ಗೋಡೆ ಕೊರೆದು, ಸುಮಿತ್ರಾ ಬೆಳಕು ಹಿಡಿದು, ಎಲ್ಲ ಮುಗಿಯಿತು. ನಾನು ಚಹಾ ತಂದುಕೊಟ್ಟೆ. ಚಹಾ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಮರುದಿನ ಬೆಳಿಗ್ಗೆ ವಿದ್ಯುತ್ ಕಚೇರಿಯವರು ಬಂದು ಲೈನ್ ಕೊಟ್ಟರು. ಪೂಜೆಯಾಯಿತು. ಅಂಗಳದ ತುಂಬ ಜನ. ಮೋನಾಕನೂ ಪುತ್ತೂರಿನಿಂದ ಬಂದಿದ್ದ. ಕೊಬ್ಬರಿ ಹಾಕುವ ಮೊದಲು ಒಮ್ಮೆ ಬರೀ ಯಂತ್ರ ತಿರುಗಿಸಿ ನೋಡುವಾ ಎಂದು ಪ್ರೇಮಲತಾ ಹೇಳಿದಳು. ಸುಮಿತ್ರಾ ಕಣ್ಣು ಮುಚ್ಚಿ ಕೈ ಮುಗಿದು ಸ್ವಿಚ್ಚು ಒತ್ತಿದಳು. ಮೋಟರು ತಿರುಗಿತು. ಜನ ಚಪ್ಪಾಳೆ ತಟ್ಟಿದರು.

ಪ್ರೇಮಲತಾ ಬೆಲ್ಟನ್ನು ದಿಟ್ಟಿಸಿ, "ಉಲ್ಟಾ ತಿರುಗ್ತದೆ" ಎಂದು ನಿಲ್ಲಿಸಿದಳು.

ಉಲ್ಟಾ. ಬಾವಿಯ ಕೇಬಲ್ ತಂದವನು ನಾನು, ಸೇಮಿಗೆ ತಂದವನು ನಾನು, ಗಿಡ್ಡ ಕೇಬಲ್ ತಂದವನು ನಾನು. ಕೊನೆಯದನ್ನು ಹೂಳುವಾಗ ಯಾವ ತುದಿ ಎತ್ತ ಇರಬೇಕೆಂದು ನನ್ನನ್ನು ಕೇಳಿದ್ದಾಗ ಹೇಗಾದರೂ ಆದೀತು ಎಂದವನೂ ನಾನೇ. ಕೇಬಲ್ ತಿರುಗುಮುರುಗಾಗಿ ಮಲಗಿದೆ, ಆದ್ದರಿಂದ ಕರೆಂಟು ಹಿಂದಿನಿಂದ ಮುಂದಕ್ಕೆ ಬರುತ್ತಿದೆ ಎಂದು ನನಗೆ ಖಚಿತವಾಯಿತು. ಇನ್ನು ಇಡೀ ಚರಂಡಿ ಅಗೆಯಬೇಕು. ಸುಮಿತ್ರಾಳ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳ ಇಷ್ಟು ತಿಂಗಳ ದುಡಿಮೆಗೆ ನಾನು ಕಲ್ಲು ಹಾಕಿದ್ದೆ.

ತಪ್ಪು ಒಪ್ಪಿಕೊಳ್ಳುವುದೇ ಸರಿ ಎನಿಸಿತು. ಶೆಡ್ಡಿನ ಮೆಟ್ಟಿಲ ಮೇಲೆ ನಿಂತು ಜನರಿಗೆ ಕೈಮುಗಿದೆ. "ಸೇರಿದ ಬಂಧುಗಳೇ, ಈ ವಿಪರೀತ ಗತಿಗೆ ಕಾರಣನಾದವನು ನಿಮ್ಮ ಮುಂದೆ ನಿಂತಿದ್ದೇನೆ" ಎಂದು ಪ್ರಾರಂಭಿಸಿದೆ. ಮೂರು ಕೋರಿನಿಂದ ಶುರುಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದೆ. ಸುಮಿತ್ರಾ ಕಚೇರಿಗೆ ಅಲೆದದ್ದನ್ನು ಹೇಳಿದೆ. ಯಂತ್ರ ಬಂದ ದಿನ ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ್ದನ್ನು ಹೇಳಿದೆ. ಇಂಥ ಹೆಂಗಸಿಗೆ ನನ್ನಂಥ ಗಂಡ ಎಂದೂ ಹೇಳಿದೆ. ಯಾವ ಕೂಟದಲ್ಲೂ ನಾನು ಅಷ್ಟು ಚೆನ್ನಾಗಿ ಮಾತಾಡಿಲ್ಲ. ಕಣ್ಣು ಮುಚ್ಚಿಕೊಂಡು, ಸ್ವರ ಏರಿಸಿ, ಕೊನೆಯ ವಾಕ್ಯಕ್ಕೆ ಬಂದೆ.

ಆ ವಾಕ್ಯ ಯಾರಿಗೂ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ. ಹಿಂದಿನಿಂದ ಮಿಲ್ಲು ಗುರ್ರೆಂದು ಶಬ್ದ ಮಾಡತೊಡಗಿತ್ತು. ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಅಂಗಳದಲ್ಲಿ ಮೋನಾಕನೊಬ್ಬನೇ ತಲೆದೂಗುತ್ತಾ ಕುಳಿತಿದ್ದ. ಉಳಿದವರೆಲ್ಲ ಮಗ್ಗುಲ ಬಾಗಿಲಿನಿಂದ ಶೆಡ್ಡಿನ ಒಳಗೆ ಹೋಗಿ ಯಂತ್ರದ ಸುತ್ತ ನಿಂತಿದ್ದರು.

ಓಡಿ ಹೋಗಿ ಪ್ರೇಮಲತಾಳ ಕಿವಿಯ ಹತ್ತಿರ ಕೂಗಿದೆ: "ಚರಂಡಿ ಅಗೆಯುದು ಬೇಡ್ವಾ?"

"ಎಂತ ಚರಂಡಿ?" ಎಂದು ಅವಳೂ ಕೂಗಿದಳು. "ಮೂರರಲ್ಲಿ ಯಾವ್ದಾದ್ರೂ ಎರಡು ವಯರು ಅದಲು ಬದಲು ಮಾಡಿದ್ರೆ ಸರಿ ಆಗ್ತದೆ. ಮೊದಲ ಸಲ ಎಲ್ಲ ಕಡೆಯೂ ಹೀಗೆ ಆಗುದುಂಟು. ಇದ್ರಲ್ಲಿ ನಿಮ್ದು ಎಂತದೂ ತಪ್ಪಿಲ್ಲ."

ಆ ಇಡೀ ಪ್ರಕರಣದಲ್ಲಿ ನನ್ನ ತಪ್ಪಲ್ಲದ್ದು ಅದೊಂದೇ. ಊರಿಡೀ ಕೇಳುವಂತೆ ಅದನ್ನೂ ನನ್ನದೇ ಎಂದು ಒಪ್ಪಿಕೊಂಡಿದ್ದೆ.

ಅಷ್ಟರಲ್ಲಿ ಯಂತ್ರದ ಕೆಳಗಿನಿಂದ ಎಣ್ಣೆಯ ಒಂದು ಸಣ್ಣ ಎಳೆ ಇಳಿಯಿತು. ಸುಮಿತ್ರಾ ಅಂಗೈ ಒಡ್ಡಿದಳು. ಬೆಚ್ಚಗಿನ ಎಣ್ಣೆಯನ್ನು ಮೂಸಿ ನೋಡಿ, ಪಕ್ಕದಲ್ಲಿ ನಿಂತವಳ ಅಂಗೈಗೆ ಮುಟ್ಟಿಸಿದಳು, ಅವಳು ಮತ್ತೊಬ್ಬಳಿಗೆ. ಹಾಗೆ ಸುತ್ತಿ ಕೊನೆಗೆ ಅದು ನನ್ನ ಕೈಗೂ ಬಂತು. ಸುಮಿತ್ರಾ ಏನೋ ಹೇಳಿದಳು. ಸದ್ದಿನಲ್ಲಿ ಕೇಳಿಸಲಿಲ್ಲ. ಮುಖ ನೋಡಿದರೆ ಬೈಗುಳ ಅಲ್ಲ ಎಂದು ಗೊತ್ತಾಯಿತು.

ಈಗ ಮಿಲ್ಲು ಚೆನ್ನಾಗಿ ನಡೆಯುತ್ತಿದೆ. ದೂರದ ಕಲ್ಲುಗುಂಡಿಯಿಂದಲೂ ಕೊಬ್ಬರಿ ಬರುತ್ತದೆ. ಮೊನ್ನೆ ಎಣ್ಣೆಯ ಬಾಟಲಿಗಳಿಗೆ ಮುಚ್ಚಳ ಮುಗಿಯಿತು. ಸುಳ್ಯಕ್ಕೆ ಹೋಗಿ ತರುವ ಕೆಲಸವನ್ನು ಸುಮಿತ್ರಾ ನನಗೇ ಒಪ್ಪಿಸಿದಳು. ಒಂದು ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಹೇಳಿದಳು: "ಅಂಗಡಿಯಲ್ಲಿ ಇದನ್ನು ತೋರಿಸಿ. ಎಂತದೂ ಹೇಳುದು ಬೇಡ. ಬರೀ ತೋರಿಸಿ."

ನಾನು ಹಾಗೆಯೇ ಮಾಡಿದೆ. ಅಂಗಡಿಯವನು "ಎಂತ ಬೇಕು?" ಎಂದ. ಬಾಟಲಿಯ ಬಾಯಿ ತೋರಿಸಿದೆ. "ಎಷ್ಟು ಬೇಕು?" ಎಂದ. ಎರಡೂ ಕೈ ಅಗಲಿಸಿ ಚೀಲದ ಗಾತ್ರ ತೋರಿಸಿದೆ. ಅವನು ಒಂದೊಂದೇ ಮುಚ್ಚಳ ತಂದು ತಾಳ್ಮೆಯಿಂದ ತಿರುಗಿಸಿ ನೋಡಿ, ಸರಿಯಾದದ್ದನ್ನು ಹುಡುಕಿ, ಚೀಲ ಕಟ್ಟಿಕೊಟ್ಟ. ಹೊರಡುವಾಗ ಪಕ್ಕದ ಗಿರಾಕಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

"ಅವ್ರಿಗೆ ಮಾತು ಬರುದಿಲ್ಲ ಕಾಣ್ತದೆ. ಆದ್ರೆ ಒಳ್ಳೇ ಹುಷಾರಿನ ಜನ."

ಹುಷಾರಿನ ಜನ ಎಂದು ನನ್ನನ್ನು ಯಾರಾದರೂ ಹೇಳಿದ್ದು ಅದೇ ಮೊದಲು. ತಿದ್ದಬೇಕೆಂದು ತಿರುಗಿದೆ. ಬಾಯಿ ತೆರೆದೆ. ಆಮೇಲೆ ಕೈಮುಗಿದು, ಚೀಲ ಹೆಗಲಿಗೇರಿಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದೆ.